ಸೂಪರ್ ಗ್ಲೈಡ್: ಗ್ರಾಹಕರ ಕೈಗೆಲಸ ಕಾರ್ಖಾನೆ ಸೇರಿದ ಬಗೆ

ತಾನು ಮಾರಿದ ಸರಕನ್ನು ಗ್ರಾಹಕನು ಕೊಂಡೊಯ್ದು ಕತ್ತರಿಸಿ, ಬೆಸುಗೆ ಹಾಕಿ, ಬೇರೆಯದೇ ರೂಪಕ್ಕೆ ತಂದುಕೊಂಡರೆ ತಯಾರಕನಿಗೆ ಅಸಮಾಧಾನವಾಗುವುದು ಸಹಜ. 1960ರ ದಶಕದಲ್ಲಿ ಅಮೆರಿಕದ ಹಾರ್ಲೆ-ಡೇವಿಡ್‌ಸನ್ ಸಂಸ್ಥೆಯ ಸ್ಥಿತಿ ಇದೇ ಆಗಿತ್ತು. ಅದರ ಭಾರೀ ಮೋಟಾರ್‌ಸೈಕಲ್ ಕೊಂಡ ಯುವಕರು ಅಗಲವಾದ ಮಡ್‌ಗಾರ್ಡು, ಪಕ್ಕದ ಪೆಟ್ಟಿಗೆಗಳನ್ನು ಕಿತ್ತೆಸೆದು, ಉದ್ದನೆಯ ಫೋರ್ಕು ಜೋಡಿಸಿ 'ಚಾಪರ್' ಮಾಡಿಕೊಳ್ಳುತ್ತಿದ್ದರು. ಈ ಮಾರ್ಪಾಡಿನ ಹಣವು ಗ್ಯಾರೇಜುಗಳ ಹಾಗೂ ಬಿಡಿಭಾಗ ತಯಾರಕರ ಪಾಲಾಗುತ್ತಿತ್ತೇ ವಿನಾ ಕಾರ್ಖಾನೆಯ ಖಾತೆಗೆ ಜಮೆಯಾಗುತ್ತಿರಲಿಲ್ಲ.

ಸಂಸ್ಥಾಪಕರಲ್ಲೊಬ್ಬರ ಮೊಮ್ಮಗ ವಿಲ್ಲಿ ಜಿ. ಡೇವಿಡ್‌ಸನ್ 1963ರಲ್ಲಿ ವಿನ್ಯಾಸಕಾರರಾಗಿ ಸಂಸ್ಥೆ ಸೇರಿದರು. ಸವಾರರ ಕೂಟಗಳಲ್ಲಿ ಬೆರೆತು ಈ ಬದಲಾವಣೆಗಳನ್ನು ಕಂಡ ಅವರು, ಗ್ರಾಹಕನು ಹಣ ಕೊಟ್ಟು ಮಾಡಿಸಿಕೊಳ್ಳುವುದನ್ನು ಕಾರ್ಖಾನೆಯೇ ಏಕೆ ಮಾಡಿಕೊಡಬಾರದೆಂಬ ದಿಕ್ಕಿನಲ್ಲಿ ಯೋಚಿಸಿದರು. ಅದರ ಫಲವೇ 1971ರ ಮಾದರಿಯಾಗಿ ಬಂದ 'ಎಫ್‌ಎಕ್ಸ್ ಸೂಪರ್ ಗ್ಲೈಡ್'. ಕಾರ್ಖಾನೆಯಿಂದಲೇ ಮಾರ್ಪಾಡುಗೊಂಡು ಹೊರಬಂದ ಮೊದಲ ಕ್ರೂಸರ್ ಎಂದು ಸಾಮಾನ್ಯವಾಗಿ ಇದನ್ನೇ ಪರಿಗಣಿಸಲಾಗುತ್ತದೆ.

ವೆಚ್ಚದ ದೃಷ್ಟಿಯಿಂದ ಗಮನಿಸಬೇಕಾದುದು ಇದರ ಜೋಡಣೆ. ಚೌಕಟ್ಟು ಮತ್ತು ಸುಮಾರು 1,200 ಸಿ.ಸಿ. ಇಂಜಿನ್ ಬಂದದ್ದು ದೊಡ್ಡದಾದ 'ಎಫ್‌ಎಲ್' ಶ್ರೇಣಿಯಿಂದ. ಸಪೂರವಾದ ಮುಂಭಾಗ ಬಂದದ್ದು 'ಎಕ್ಸ್‌ಎಲ್' ಸ್ಪೋರ್ಟ್‌ಸ್ಟರ್‌ನಿಂದ. ಹೆಸರು ಕೂಡ ಎರಡರ ಕೂಡಿಕೆಯೇ. ಎಲೆಕ್ಟ್ರಿಕ್ ಸ್ಟಾರ್ಟರ್ ಕೈಬಿಟ್ಟಿದ್ದರಿಂದ ಬ್ಯಾಟರಿ ಚಿಕ್ಕದಾಯಿತು, ತೂಕವೂ ತಗ್ಗಿತು. ಹೀಗೆ ಹೊಸ ಇಂಜಿನ್ನಿಗೆಂದು ಬಂಡವಾಳ ಹೂಡದೆ, ಗೋದಾಮಿನಲ್ಲಿದ್ದ ಭಾಗಗಳಿಂದಲೇ ಹೊಸ ಮಾದರಿಯೊಂದು ಸಿದ್ಧವಾಯಿತು.

ಎಡವಿದ್ದು ಒಂದೇ ಕಡೆ. ದೋಣಿಯ ಹಿಂಭಾಗವನ್ನು ಹೋಲುವ ಫೈಬರ್ ಗ್ಲಾಸ್ ಬಾಲವನ್ನು ಇದಕ್ಕೆ ಅಳವಡಿಸಲಾಗಿತ್ತು. (ಟೋಮಾಹಾಕ್ ಎಂಬಲ್ಲಿನ ದೋಣಿ ತಯಾರಿಕಾ ಘಟಕವೊಂದರಲ್ಲಿ ಸಂಸ್ಥೆಯು 1962ರಲ್ಲಿಯೇ ಪಾಲು ಖರೀದಿಸಿತ್ತೆಂಬುದು ಇಲ್ಲಿ ನೆನಪಾಗದಿರದು.) ಗ್ರಾಹಕರಿಗೆ ಆ ಬಾಲ ರುಚಿಸಲಿಲ್ಲ. ಮರುವರ್ಷವೇ ಅದನ್ನು ಕೈಬಿಟ್ಟು ಸಾಮಾನ್ಯ ಮಡ್‌ಗಾರ್ಡು ಹಾಕಲಾಯಿತು. 1974ರಲ್ಲಿ ಎಲೆಕ್ಟ್ರಿಕ್ ಸ್ಟಾರ್ಟರ್ ಉಳ್ಳ 'ಎಫ್‌ಎಕ್ಸ್‌ಇ' ಬಂದಿತು. ತಪ್ಪನ್ನು ಇಷ್ಟು ಬೇಗ ಒಪ್ಪಿಕೊಳ್ಳುವ ತಯಾರಕರು ವಿರಳ. ಇದೇ ತಳಹದಿಯ ಮೇಲೆ 1977ರಲ್ಲಿ ತಗ್ಗಾದ ಆಸನದ 'ಲೋ ರೈಡರ್', 1980ರಲ್ಲಿ ಅಗಲವಾದ ಫೋರ್ಕಿನ 'ವೈಡ್ ಗ್ಲೈಡ್' ಹೊರಬಂದವು.

ಆದರೆ ಮಾದರಿ ಚೆನ್ನಾಗಿದ್ದ ಮಾತ್ರಕ್ಕೆ ಸಂಸ್ಥೆ ಉಳಿಯುವುದಿಲ್ಲ. 1969ರಿಂದ ಎಎಂಎಫ್ ಸಮೂಹದ ಒಡೆತನದಲ್ಲಿ ಉತ್ಪಾದನೆ ಹೆಚ್ಚಿತಾದರೂ ಗುಣಮಟ್ಟ ಕುಸಿಯಿತು. ಅತ್ತ ಜಪಾನಿನ ಪೈಪೋಟಿ ಬೆಳೆಯಿತು. 1981ರಲ್ಲಿ ವಾನ್ ಬೀಲ್ಸ್ ನೇತೃತ್ವದಲ್ಲಿ, ವಿಲ್ಲಿ ಜಿ. ಅವರೂ ಸೇರಿದಂತೆ, 13 ಮಂದಿ ಅಧಿಕಾರಿಗಳು ಬಹುಪಾಲು ಸಾಲದ ಬಲದಿಂದ ಸಂಸ್ಥೆಯನ್ನು ಖರೀದಿಸಿದರು. 1983ರಲ್ಲಿ 700 ಸಿ.ಸಿ. ಮೀರಿದ ಆಮದು ವಾಹನಗಳ ಸುಂಕವನ್ನು ಅಮೆರಿಕ ಸರ್ಕಾರವು ಶೇ. 4.4ರಿಂದ ಶೇ. 49.4ಕ್ಕೆ ಏರಿಸಿತು, ಐದು ವರ್ಷಗಳಲ್ಲಿ ಹಂತಹಂತವಾಗಿ ಇಳಿಸುವ ಕರಾರೂ ಇತ್ತು. ಆದರೂ 1985ರಲ್ಲಿ ಸಾಲ ನೀಡಿದ್ದ ಬ್ಯಾಂಕು ಹಿಂದೆ ಸರಿಯಲು ಮುಂದಾದಾಗ ದಿವಾಳಿಯ ಬಾಗಿಲು ಸಮೀಪಿಸಿತು. ಡಿಸೆಂಬರ್ 31ರಂದು ಹೆಲ್ಲರ್ ಫೈನಾನ್ಷಿಯಲ್ ಸಂಸ್ಥೆಯ ಹಣ ದೊರೆತು ಸಂಸ್ಥೆ ಉಳಿಯಿತು. 1986ರಲ್ಲಿ ಅದರ ಷೇರುಗಳು ಸಾರ್ವಜನಿಕರಿಗೆ ಮಾರಾಟವಾದವು. 1987ರಲ್ಲಿ ಸಂಸ್ಥೆಯೇ ಅವಧಿಗೆ ಮುನ್ನ ಸುಂಕದ ರಕ್ಷಣೆ ಸಾಕೆಂದು ಕೋರಿತು.

ಸೂಪರ್ ಗ್ಲೈಡ್ ಹೆಸರು ಮುಂದೆ 'ಡೈನಾ' ಶ್ರೇಣಿಯಲ್ಲಿ ಉಳಿದುಬಂದಿತು. ವಿಲ್ಲಿ ಜಿ. 2012ರಲ್ಲಿ ನಿವೃತ್ತರಾದರು. 2018ರ ಮಾದರಿಗಳಲ್ಲಿ ಡೈನಾ ಶ್ರೇಣಿಯನ್ನು ಕೈಬಿಟ್ಟಾಗ ಲೋ ರೈಡರ್ ಹೆಸರನ್ನು 'ಸಾಫ್ಟೇಲ್' ಚೌಕಟ್ಟಿಗೆ ವರ್ಗಾಯಿಸಲಾಯಿತು.