ಆ ಕೆಂಪು ಚೀನೀ ಉಡುಪು ‘ಸಾವಿರಾರು ವರ್ಷ ಹಳೆಯದು’ ಎಂಬುದು ನಿಜವೇ?

ಫ್ಯಾಷನ್ ಡಿಸೈನ್ ಓದುತ್ತಿರುವ ವಿದ್ಯಾರ್ಥಿನಿಯೊಬ್ಬಳು ಚೀನಾ ಸಂಸ್ಕೃತಿಯಿಂದ ಪ್ರೇರಿತವಾದ ಉಡುಪೊಂದನ್ನು ತಯಾರಿಸಬೇಕಿದೆ ಎಂದುಕೊಳ್ಳಿ. ಮೊಬೈಲ್‌ನಲ್ಲಿ ಹುಡುಕಿದರೆ ಮೊದಲು ಕಾಣುವುದು ಮೈಗಂಟುವ ಕೆಂಪು ರೇಷ್ಮೆ ಉಡುಪು, ಕುತ್ತಿಗೆ ಸುತ್ತ ನೆಟ್ಟಗೆ ನಿಂತ ಕಾಲರ್, ಪಕ್ಕದಲ್ಲಿ ಸೀಳು, ಮೇಲೊಂದು ಚಿನ್ನದ ಬಣ್ಣದ ಡ್ರ್ಯಾಗನ್. ‘ಚೀನೀಯರು ಸಾವಿರಾರು ವರ್ಷಗಳಿಂದ ತೊಡುತ್ತಿರುವ ಉಡುಪು’ ಎಂಬ ಸಾಲೂ ಜೊತೆಗಿದ್ದರೆ ನಾವು ಸುಲಭವಾಗಿ ನಂಬಿಬಿಡುತ್ತೇವೆ. ಆದರೆ ಇದರಲ್ಲಿ ನಿಜ ಎಷ್ಟು? ಒಂದೊಂದಾಗಿ ನೋಡೋಣ.

ನಂಬಿಕೆ 1: ಇದು ಸಾವಿರಾರು ವರ್ಷ ಹಳೆಯ ಉಡುಪು

ವಾಸ್ತವ: ಇಂದಿನ ರೂಪಕ್ಕೆ ಸುಮಾರು ನೂರು ವರ್ಷ ಮಾತ್ರ. ಈ ಉಡುಪಿನ ಹೆಸರು ಚಿಪಾವ್. ಕ್ಯಾಂಟನೀಸ್ ಮಾತಿನಿಂದ ಬಂದ ಚಿಯೊಂಗ್‌ಸಾಮ್ ಎಂಬ ಹೆಸರೂ ಇದೆ. 1644ರಿಂದ 1912ರವರೆಗೆ ಚೀನಾವನ್ನು ಆಳಿದ ಚಿಂಗ್ ರಾಜವಂಶದವರು ಮಂಚು ಜನ. ಚಿಪಾವ್ ಎಂಬ ಹೆಸರು ಅವರ ಉದ್ದನೆಯ ನಿಲುವಂಗಿಯನ್ನು ನೆನಪಿಸುತ್ತದೆ. ಆದರೆ ನಾವು ಇಂದು ಗುರುತಿಸುವ ಚಿಪಾವ್ ರೂಪುಗೊಂಡಿದ್ದು 1920ರ ದಶಕದ ಶಾಂಘೈ ನಗರದಲ್ಲಿ. ಅದು ಓದಿದ, ಹೊರಗೆ ಓಡಾಡುವ ಹೊಸ ಕಾಲದ ಹೆಣ್ಣುಮಕ್ಕಳ ಉಡುಪಾಗಿತ್ತು. ಮೊದಮೊದಲು ಸಡಿಲವಾಗಿದ್ದದ್ದು 1930ರ ದಶಕದಲ್ಲಿ ಮೈಗೆ ಅಂಟುವಂತಾಯಿತು. ನಮ್ಮ ಟೈಲರ್‌ಗಳು ‘ಚೈನೀಸ್ ಕಾಲರ್’ ಎನ್ನುವುದೂ ಇಂಥದೇ ಕಾಲರ್‌ಗೆ.

ನಂಬಿಕೆ 2: ಹಳೆಯ ಚೀನೀ ಉಡುಪಿನ ಮಡಿಕೆ ಹೇಗಿದ್ದರೂ ನಡೆಯುತ್ತದೆ

ವಾಸ್ತವ: ಇಲ್ಲಿಯೇ ದೊಡ್ಡ ತಪ್ಪಾಗುವುದು. ಚೀನಾದ ಬಹುಸಂಖ್ಯಾತರಾದ ಹಾನ್ ಜನರ ಹಳೆಯ ಉಡುಪಿಗೆ ಹಾನ್‌ಫು ಎನ್ನುತ್ತಾರೆ. ಎದೆಯ ಮೇಲೆ ಒಂದರ ಮೇಲೊಂದು ಬರುವ ಅಂಚು, ಅಗಲ ತೋಳು, ಕಟ್ಟುವ ದಾರ ಅದರ ಲಕ್ಷಣ. ಹಾನ್ ಗಂಡಸರು ಮಂಚು ಶೈಲಿಯ ಕೂದಲು, ಉಡುಪಿಗೆ ಬದಲಾಗಬೇಕೆಂದು ಚಿಂಗ್ ಅರಸರು 1645ರಲ್ಲಿ ಕಟ್ಟಪ್ಪಣೆ ಮಾಡಿದರು. 2003ರಿಂದೀಚೆಗೆ ಚೀನಾದ ಯುವಜನರು ಹಾನ್‌ಫುವನ್ನು ಮತ್ತೆ ಬಳಕೆಗೆ ತರುತ್ತಿದ್ದಾರೆ.

ಹಾನ್‌ಫುವಿನಲ್ಲಿ ತೊಟ್ಟವರ ಎಡಗಡೆಯ ಅಂಚು ಬಲಗಡೆಯ ಅಂಚಿನ ಮೇಲೆ ಬರಬೇಕು. ಎದುರು ನಿಂತು ನೋಡಿದರೆ ಅದು ಇಂಗ್ಲಿಷಿನ ಸಣ್ಣ ‘ವೈ’ ಅಕ್ಷರದಂತೆ ಕಾಣುತ್ತದೆ. ಇದು ಉಲ್ಟಾ ಆದರೆ, ಸಂಪ್ರದಾಯದ ಪ್ರಕಾರ ಮೃತರಿಗೆ ತೊಡಿಸುವ ಬಟ್ಟೆ ಎಂಬ ಅರ್ಥ ಬರುತ್ತದೆ. ಸಂಭ್ರಮಕ್ಕೆಂದು ಹೊಲಿದ ಉಡುಪು ಸಾವನ್ನು ನೆನಪಿಸಿದರೆ ಹೇಗೆ?

ಮೊಬೈಲ್ ಬಳಸುವವರು ಇನ್ನೊಂದು ವಿಷಯ ಗಮನಿಸಬೇಕು. ಸೆಲ್ಫಿ ಕ್ಯಾಮೆರಾದ ಫೋಟೊಗಳು ಹಲವು ಬಾರಿ ಕನ್ನಡಿಯ ಬಿಂಬದಂತೆ ಎಡಬಲ ಅದಲುಬದಲಾಗಿ ಉಳಿಯುತ್ತವೆ. ಅಂಥ ಫೋಟೊ ನೋಡಿ ಹೊಲಿದರೆ ಮಡಿಕೆಯೂ ಉಲ್ಟಾ ಆಗುತ್ತದೆ. ಫೋಟೊದಲ್ಲಿ ಬೋರ್ಡ್ ಅಥವಾ ಅಕ್ಷರ ಇದ್ದರೆ ಅದು ತಿರುಗಿದೆಯೇ ಎಂದು ನೋಡಿ.

ನಂಬಿಕೆ 3: ಡ್ರ್ಯಾಗನ್, ಬಣ್ಣ ಎಲ್ಲವೂ ಬರೀ ಅಲಂಕಾರ

ವಾಸ್ತವ: ಚಿಂಗ್ ಆಸ್ಥಾನದಲ್ಲಿ ಇವೆಲ್ಲ ಅಧಿಕಾರದ ಗುರುತುಗಳು. ಉಜ್ವಲ ಹಳದಿ ಬಣ್ಣ ಚಕ್ರವರ್ತಿ, ಸಾಮ್ರಾಜ್ಞಿಯಂಥವರಿಗೆ ಮೀಸಲಾಗಿತ್ತು. ಐದು ಉಗುರಿನ ಡ್ರ್ಯಾಗನ್ ಮೇಲ್ಮಟ್ಟದವರದು, ಕೆಳಗಿನವರಿಗೆ ನಾಲ್ಕು ಉಗುರಿನದು. ಅಧಿಕಾರಿಗಳ ಎದೆಯ ಮೇಲಿನ ಚೌಕದ ಕಸೂತಿಯಲ್ಲಿ ನಾಗರಿಕ ಅಧಿಕಾರಿಗೆ ಹಕ್ಕಿ, ಸೇನಾಧಿಕಾರಿಗೆ ಪ್ರಾಣಿ ಇರುತ್ತಿತ್ತು. ಇಂದು ಇವನ್ನು ಯಾರು ಬೇಕಾದರೂ ಬಳಸಬಹುದು. ಆದರೆ ಕೆಂಪು ಮದುವೆಯ ಬಣ್ಣ, ಬಿಳಿ ಸೂತಕದ ಬಣ್ಣ ಎಂಬ ಭಾವನೆ ಈಗಲೂ ಉಳಿದಿದೆ.

ಪ್ರೇರಣೆಯೋ, ನಕಲೋ?

2022ರಲ್ಲಿ ಡಿಯೋರ್ ಕಂಪನಿಯ ಲಂಗವೊಂದು ಚೀನಾದ ಹಳೆಯ ‘ಕುದುರೆ ಮುಖದ ಲಂಗ’ದಂತೆಯೇ ಇದೆ, ಆದರೂ ಮೂಲದ ಹೆಸರು ಹೇಳಿಲ್ಲ ಎಂಬ ಆಕ್ಷೇಪ ಎದ್ದಿತು. ಪ್ಯಾರಿಸ್‌ನಲ್ಲಿದ್ದ ಚೀನೀ ವಿದ್ಯಾರ್ಥಿಗಳು ಅದರ ಅಂಗಡಿ ಮುಂದೆ ಪ್ರತಿಭಟಿಸಿದರು. ಅವರ ಆಕ್ಷೇಪ ಲಂಗ ಹೊಲಿದದ್ದಕ್ಕಿಂತ ಮೂಲವನ್ನು ಮರೆಮಾಚಿದ್ದರ ಬಗ್ಗೆ.

ಇನ್ನೊಂದು ಉದಾಹರಣೆ ನೋಡಿ. 2015ರಲ್ಲಿ ನ್ಯೂಯಾರ್ಕ್‌ನ ಮೆಟ್ ಗಾಲಾ ಸಮಾರಂಭಕ್ಕೆ ಗಾಯಕಿ ರಿಹಾನ್ನಾ ನೆಲದುದ್ದಕ್ಕೂ ಹರಡಿದ ಹಳದಿ ಮೇಲಂಗಿ ತೊಟ್ಟು ಬಂದಾಗ ಜಾಲತಾಣಗಳಲ್ಲಿ ಅದನ್ನು ಆಮ್ಲೆಟ್‌ಗೆ ಹೋಲಿಸಿ ನಕ್ಕವರೇ ಹೆಚ್ಚು. ಅದು ಬೀಜಿಂಗ್‌ನ ವಿನ್ಯಾಸಕಿ ಗುವೊ ಪೇ ಅವರ ಕೃತಿ. ಸುಮಾರು 25 ಕಿಲೋ ತೂಕದ ಆ ಉಡುಪಿನ ಕೈಕಸೂತಿಗೆ ಸುಮಾರು ಎರಡು ವರ್ಷ ಹಿಡಿದಿತ್ತು. ನಕ್ಕು ಫಾರ್ವರ್ಡ್ ಮಾಡಿದ ಎಷ್ಟೋ ಜನರಿಗೆ ಆ ಬಣ್ಣದ ಹಿಂದಿನ ಅರಮನೆಯ ಕಥೆ ಗೊತ್ತಿರಲಿಲ್ಲ.

ಕೊನೆಯ ಮಾತು

ವಿನ್ಯಾಸ ಮಾಡುವವರು ಮೂರು ಪ್ರಶ್ನೆ ಕೇಳಿಕೊಳ್ಳಲಿ: ಇದು ಯಾವ ಕಾಲದ್ದು? ಯಾವ ಜನರದ್ದು? ಯಾವ ಸಂದರ್ಭಕ್ಕೆ ತೊಡುತ್ತಿದ್ದರು? ಉತ್ತರ ಸಿಕ್ಕಮೇಲೆ ಧೈರ್ಯವಾಗಿ ಹೊಸತನ್ನು ಹೊಲಿಯಬಹುದು. ಶಾಂಘೈನ ಹೆಣ್ಣುಮಕ್ಕಳೂ ಹಳೆಯದನ್ನು ಬದಲಿಸಿಯೇ ಚಿಪಾವ್ ತೊಟ್ಟರಲ್ಲವೇ?

‘ಸಾವಿರಾರು ವರ್ಷ ಹಳೆಯದು’ ಎಂಬ ಸಾಲಿನೊಂದಿಗೆ ಇನ್ನೊಂದು ಫೋಟೊ ಬಂದರೆ, ಫಾರ್ವರ್ಡ್ ಮಾಡುವ ಮುನ್ನ ನಾವೂ ಇದೇ ಮೂರು ಪ್ರಶ್ನೆ ಕೇಳೋಣ.