ಪದವಿಯ ಪ್ರಬಂಧ ಕಾಲುವೆಯಾದಾಗ

1883ರಲ್ಲಿ ತನಾಬೆ ಸಕುರೊ ಎಂಬ ತರುಣ ಟೋಕಿಯೊದ ಎಂಜಿನಿಯರಿಂಗ್ ಕಾಲೇಜಿನಿಂದ ಪದವೀಧರನಾಗಿ ಹೊರಬಂದ. ಬಿವಾ ಸರೋವರದ ನೀರನ್ನು ಬೆಟ್ಟ ಕೊರೆದು ಕ್ಯೋಟೊ ನಗರಕ್ಕೆ ತರುವುದು ಹೇಗೆಂಬುದೇ ಆತನ ಪ್ರಬಂಧದ ವಿಷಯ. ರಾಜಧಾನಿಯ ಪಟ್ಟ ಕಳೆದುಕೊಂಡು ಸೊರಗಿದ್ದ ಕ್ಯೋಟೊದ ಆಡಳಿತವು ಬರೆದವನನ್ನೇ ಕೆಲಸಕ್ಕೆ ಕರೆಯಿತು. 1885ರಲ್ಲಿ ಆರಂಭವಾದ ಕಾಲುವೆ 1890ರಲ್ಲಿ ಪೂರ್ಣಗೊಂಡಿತು. ಮರುವರ್ಷವೇ ಅದರ ನೀರಿನಿಂದ ವಿದ್ಯುತ್ ಉತ್ಪಾದನೆಯೂ ಮೊದಲಾಯಿತು.

ಇದು ಒಬ್ಬನ ಪ್ರತಿಭೆಯ ಕಥೆಯಷ್ಟೇ ಅಲ್ಲ, ಒಂದು ವ್ಯವಸ್ಥೆಯ ಫಲ. 1873ರಲ್ಲಿ ಸ್ಕಾಟ್ಲೆಂಡಿನಿಂದ ಬಂದ, ಇನ್ನೂ 24ರ ಹರೆಯದ ಹೆನ್ರಿ ಡೈಯರ್ ಆ ಕಾಲೇಜಿಗೆ ಆರು ವರ್ಷಗಳ ಶಿಕ್ಷಣಕ್ರಮವನ್ನು ರೂಪಿಸಿದರು: ಎರಡು ವರ್ಷ ಮೂಲ ವಿಷಯಗಳು, ಎರಡು ವರ್ಷ ತಾಂತ್ರಿಕ ಶಾಸ್ತ್ರ, ಕೊನೆಯ ಎರಡು ವರ್ಷ ಪ್ರತ್ಯಕ್ಷ ಕೆಲಸ. ಕಾಲೇಜು ಶಿಕ್ಷಣ ಇಲಾಖೆಗೆ ಸೇರಿರಲಿಲ್ಲ. ರೈಲು, ಗಣಿ, ತಂತಿ, ದೀಪಸ್ತಂಭಗಳನ್ನು ನೋಡಿಕೊಳ್ಳುತ್ತಿದ್ದ ಸಚಿವಾಲಯವೇ ಅದನ್ನು ನಡೆಸುತ್ತಿತ್ತು. ಅಂದರೆ, ಕೆಲಸ ಕೊಡುವವರೇ ಕಲಿಸುವ ಹೊಣೆಯನ್ನೂ ಹೊತ್ತಿದ್ದರು.

ಇದರ ಹಿಂದೆ ಆರ್ಥಿಕ ಲೆಕ್ಕಾಚಾರವೂ ಇತ್ತು. ವಿದೇಶಿ ತಜ್ಞರ ಸಂಬಳ ಬೊಕ್ಕಸಕ್ಕೆ ಭಾರವಾಗಿತ್ತು. 1879ರಲ್ಲಿ ಹೊರಬಂದ ಮೊದಲ ತಂಡದ 23 ಮಂದಿಯಲ್ಲಿ 11 ಜನರನ್ನು ಉನ್ನತ ವ್ಯಾಸಂಗಕ್ಕೆ ಬ್ರಿಟನ್ನಿಗೆ ಕಳುಹಿಸಲಾಯಿತು. ಅವರಲ್ಲೊಬ್ಬರಾದ ತತ್ಸುನೊ ಕಿಂಗೊ ಮರಳಿ ಬಂದು, ತಮಗೆ ವಾಸ್ತುಶಿಲ್ಪ ಕಲಿಸಿದ ಆಂಗ್ಲ ಗುರುವಿನ ಸ್ಥಾನವನ್ನೇ ತುಂಬಿದರು.

1898ರಲ್ಲಿ ಜಪಾನನ್ನು ಕಂಡು ಬಂದ ವಿಶ್ವೇಶ್ವರಯ್ಯನವರು ಮೈಸೂರಿನ ದಿವಾನರಾಗಿದ್ದಾಗ, 1917ರಲ್ಲಿ, ಬೆಂಗಳೂರಿಗೆ ಎಂಜಿನಿಯರಿಂಗ್ ಕಾಲೇಜು ಬಂತು. ಅನಂತರ ನಾವು ಕಾಲೇಜುಗಳ ಸಂಖ್ಯೆಯನ್ನು ಬೆಳೆಸಿದೆವು. ಕೆಲಸದ ಸ್ಥಳವನ್ನು ಮಾತ್ರ ಪಠ್ಯದ ಅಂಚಿಗೆ ಸರಿಸಿದೆವು. ನಾನು ಸೇವೆಯಲ್ಲಿದ್ದಾಗ ಸೇತುವೆಯೊಂದರ ಉಸ್ತುವಾರಿಗೆ ಬಂದ ಕಿರಿಯ ಎಂಜಿನಿಯರ್ ಒಬ್ಬರು, ಅಡಿಪಾಯಕ್ಕೆ ಕಾಂಕ್ರೀಟ್ ಹಾಕುವುದನ್ನು ತಾವು ಕಾಣುತ್ತಿರುವುದು ಅದೇ ಮೊದಲೆಂದು ಸಂಕೋಚದಿಂದ ಒಪ್ಪಿಕೊಂಡಿದ್ದರು. ಅವರಲ್ಲಿ ಬುದ್ಧಿಗೆ ಕೊರತೆಯಿರಲಿಲ್ಲ. ನಾಲ್ಕು ವರ್ಷಗಳಲ್ಲಿ ಅವರನ್ನು ಯಾರೂ ಅಡಿಪಾಯದ ಬಳಿಗೆ ಕರೆದೊಯ್ದಿರಲಿಲ್ಲ, ಅಷ್ಟೇ.

ಪದವೀಧರರಿಗೆ ಕೌಶಲವಿಲ್ಲವೆಂದು ಉದ್ಯಮಗಳು ದೂರುತ್ತವೆ. ಉದ್ಯಮಗಳು ಬಾಗಿಲು ತೆರೆಯುವುದಿಲ್ಲವೆಂದು ಕಾಲೇಜುಗಳು ಹೇಳುತ್ತವೆ. ಕೆಲವು ವಾರಗಳ ಇಂಟರ್ನ್‌ಶಿಪ್ ಹಲವೆಡೆ ಪ್ರಮಾಣಪತ್ರದಲ್ಲೇ ಮುಗಿಯುತ್ತದೆ. ನೀರಾವರಿ, ಲೋಕೋಪಯೋಗಿ, ವಿದ್ಯುತ್ ಇಲಾಖೆಗಳು ತಮ್ಮ ಪ್ರತಿ ದೊಡ್ಡ ಕಾಮಗಾರಿಯಲ್ಲೂ ಅಂತಿಮ ವರ್ಷದ ವಿದ್ಯಾರ್ಥಿಗಳಿಗೆ ಸ್ಥಾನ, ಭತ್ಯೆ ಮತ್ತು ನಿರ್ದಿಷ್ಟ ಹೊಣೆಯನ್ನು ನೀಡಲಿ. ನಾಳೆ ಆ ಸೇತುವೆಗಳ ಮೇಲೆ ನಡೆಯಬೇಕಾದವರು ನಾವೇ ತಾನೇ?