ಕಣ್ಣಿಲ್ಲದ ನುಸಿ, ಕಣ್ಣಿಗೆ ನವೆ

ತೆಂಗು ಬೆಳೆಯುವ ಬೆಳ್ಳೂರು ಸೀಮೆಯವರಿಗೆ ನುಸಿ ಎಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. 1990ರ ದಶಕದ ಕೊನೆಗೆ ಕೇರಳದಲ್ಲಿ ಕಾಣಿಸಿಕೊಂಡ ತೆಂಗಿನ ನುಸಿ ಪೀಡೆ ಹೆಚ್ಚು ತಡವಿಲ್ಲದೆ ನಮ್ಮ ರಾಜ್ಯದ ತೋಟಗಳಿಗೂ ಇಳಿಯಿತು. ತೊಟ್ಟಿನ ಕೆಳಗೆ ಅವಿತು ಎಳೆಗಾಯಿಯ ರಸ ಹೀರುವ ಆ ಜೀವಿಯಿಂದ ಕಾಯಿ ಕಂದುಗಟ್ಟಿ, ಸಿಪ್ಪೆ ಬಿರಿದು, ಸೊಟ್ಟಗಾದದ್ದನ್ನು ಬೆಳೆಗಾರರೆಲ್ಲ ಕಂಡಿದ್ದಾರೆ. ಅದರ ದೂರದ ನೆಂಟನೊಂದು ನಮ್ಮ ಮನೆಯೊಳಗೇ, ದಿಂಬು ಹಾಸಿಗೆಗಳಲ್ಲೇ ಸಂಸಾರ ಹೂಡಿದೆ. ಬೆಳಿಗ್ಗೆ ಏಳುತ್ತಲೇ ಎರಡೂ ಕಣ್ಣು ನವೆಯಾಗಿ, ಕೆಂಪಗಾಗಿ, ನೀರು ಸುರಿಯುತ್ತಿದ್ದರೆ ಕಾರಣ ಈ ಧೂಳು ನುಸಿ ಇರಬಹುದು.

ಇದರ ಉದ್ದ ಒಂದು ಮಿಲಿಮೀಟರಿನ ಮೂರನೇ ಒಂದು ಪಾಲು. ಮೈ ಬೆಳ್ಳಗೆ ಅರೆಪಾರದರ್ಶಕ. ಹಾಸಿಗೆಯ ಮೇಲೆ ಹರಿದಾಡಿದರೂ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಜೇಡ, ಉಣ್ಣೆಗಳ ಬಳಗಕ್ಕೆ ಸೇರಿದ್ದರಿಂದ ಬೆಳೆದ ನುಸಿಗೆ ಎಂಟು ಕಾಲು. ಕಣ್ಣಂತೂ ಇಲ್ಲವೇ ಇಲ್ಲ. ತಿಗಣೆಯಂತೆ ಇದು ಕಚ್ಚುವುದೂ ಇಲ್ಲ, ರಕ್ತ ಹೀರುವುದೂ ಇಲ್ಲ. ನಮ್ಮ ಮೈಯಿಂದ ದಿನವೂ ಉದುರುವ ಚರ್ಮದ ಹೊಟ್ಟೇ ಇದರ ಆಹಾರ. ನೀರು ಕುಡಿಯುವ ಅಭ್ಯಾಸವಿಲ್ಲ. ಗಾಳಿಯಲ್ಲಿರುವ ತೇವವನ್ನೇ ಮೈಗೆ ಎಳೆದುಕೊಂಡು ಬದುಕುತ್ತದೆ. ಮಳೆಗಾಲದಲ್ಲಿ ಇದರ ಸಂತಾನ ಹೆಚ್ಚುವುದಕ್ಕೂ ಬಿರುಬಿಸಿಲಿನಲ್ಲಿ ಕುಗ್ಗುವುದಕ್ಕೂ ಕಾರಣ ಇದೇ. ಗಾಳಿಯ ತೇವಾಂಶ ಬಹುಕಾಲ ಶೇ. 50ಕ್ಕಿಂತ ಕೆಳಗೇ ಉಳಿದರೆ ನುಸಿ ಒಣಗಿ ಸಾಯುತ್ತದೆ.

ಕಚ್ಚದ ಜೀವಿ ನಮ್ಮನ್ನು ಕಾಡುವುದು ಹೇಗೆ? ಅದರ ಹಿಕ್ಕೆಯಿಂದ. ಒಂದು ನುಸಿ ದಿನಕ್ಕೆ ಸುಮಾರು 20 ಹಿಕ್ಕೆ ಹಾಕುತ್ತದೆ. ಅವು ಒಣಗಿ ಪುಡಿಯಾಗಿ, ಹಾಸಿಗೆ ಕೊಡವಿದಾಗ, ಮಗ್ಗುಲು ಬದಲಿಸಿದಾಗ ಮೇಲೇಳುತ್ತವೆ. ಮನೆಯ ಧೂಳು ಅಲರ್ಜಿ ತರುತ್ತದೆ ಎಂದು ವೈದ್ಯರಿಗೆ ಮೊದಲೇ ತಿಳಿದಿತ್ತು. ಆ ಧೂಳಿನಲ್ಲಿರುವ ಅಪರಾಧಿ ನುಸಿಯೇ ಎಂದು 1964ರಲ್ಲಿ ತೋರಿಸಿಕೊಟ್ಟವರು ನೆದರ್ಲೆಂಡ್ಸ್‌ನ ಲೈಡನ್‌ನಲ್ಲಿದ್ದ ವೂರ್‌ಹಾರ್ಸ್ಟ್ ಮತ್ತು ಅವರ ಸಂಗಡಿಗರು. ಹಿಕ್ಕೆಯಲ್ಲಿ ನುಸಿಯ ಜೀರ್ಣರಸವೂ ಬೆರೆತಿರುತ್ತದೆ. ಚರ್ಮದ ಹೊಟ್ಟನ್ನು ಕರಗಿಸುವ ಆ ರಸ, ಜೀವಕೋಶಗಳನ್ನು ಒಂದಕ್ಕೊಂದು ಬಿಗಿದಿರುವ ಬೆಸುಗೆಯನ್ನೂ ಸಡಿಲಿಸಬಲ್ಲದು.

ಕಣ್ಣಿನ ಬಿಳಿಭಾಗದ ಮೇಲೂ ರೆಪ್ಪೆಯ ಒಳಮೈಯಲ್ಲೂ ತೆಳ್ಳನೆಯ ಪೊರೆಯೊಂದಿದೆ. ಅದರೊಳಗೆ ಮಾಸ್ಟ್ ಕೋಶಗಳು ಕಾವಲು ಕೂತಿವೆ. 1878ರಲ್ಲಿ ಇವುಗಳಿಗೆ ಹೆಸರಿಟ್ಟವರು ಜರ್ಮನಿಯ ಪೌಲ್ ಎರ್ಲಿಶ್. ಪ್ರತಿ ಮಾಸ್ಟ್ ಕೋಶದ ಹೊಟ್ಟೆಯೊಳಗೆ ಹಿಸ್ಟಮಿನ್ ಎಂಬ ರಾಸಾಯನಿಕದ ಕಣಗಳು ತುಂಬಿವೆ. ಅಲರ್ಜಿ ಇರುವವರಲ್ಲಿ ಈ ಕೋಶಗಳ ಮೈಮೇಲೆ ನುಸಿಯ ಪ್ರೋಟೀನನ್ನೇ ಗುರುತಿಸುವ ಪ್ರತಿಕಾಯಗಳು ಅಂಟಿಕೊಂಡಿರುತ್ತವೆ. ಪ್ರೋಟೀನ್ ಬಂದು ಅವಕ್ಕೆ ತಗುಲಿದ ಕೆಲವೇ ನಿಮಿಷಗಳಲ್ಲಿ ಕೋಶ ಹಿಸ್ಟಮಿನ್ ಸುರಿಯುತ್ತದೆ. ಅದು ನರದ ತುದಿಗೆ ಮುಟ್ಟಿದರೆ ನವೆ. ರಕ್ತನಾಳ ಹಿಗ್ಗಿದರೆ ಕೆಂಪು. ನಾಳದಿಂದ ನೀರು ಸೋರಿದರೆ ಊತ.

ಆಗ ನಾವು ಮಾಡುವ ಮೊದಲ ಕೆಲಸವೇ ತಪ್ಪು. ಕಣ್ಣುಜ್ಜಿದರೆ ಅರೆಗಳಿಗೆ ಹಾಯೆನಿಸುತ್ತದೆ. ಆದರೆ ಆ ಒತ್ತಡಕ್ಕೆ ಇನ್ನಷ್ಟು ಮಾಸ್ಟ್ ಕೋಶಗಳು ಒಡೆದು, ಇನ್ನಷ್ಟು ಹಿಸ್ಟಮಿನ್ ಹೊರಬಂದು, ನವೆ ಮೊದಲಿಗಿಂತ ಜೋರಾಗುತ್ತದೆ. ವರ್ಷಗಟ್ಟಲೆ ಗಟ್ಟಿಯಾಗಿ ಉಜ್ಜುತ್ತಾ ಬೆಳೆದ ಮಕ್ಕಳಲ್ಲಿ ಕಣ್ಣಿನ ಪಾರದರ್ಶಕ ಪಟಲ ತೆಳುವಾಗಿ ಮುಂದಕ್ಕೆ ಉಬ್ಬಿ, ದೃಷ್ಟಿಯೇ ಕೆಡುವ ಅಪಾಯವಿದೆ.

ನವೆಗೆ ನುಸಿಯೊಂದೇ ಕಾರಣವಲ್ಲ. ರಾಗಿ ಒಕ್ಕಣೆಯ ಧೂಳು, ಆಲೆಮನೆಯ ಹೊಗೆ, ರಸ್ತೆ ಬದಿಯ ಕಾಂಗ್ರೆಸ್ ಗಿಡದ ಪರಾಗ, ಬೆಳ್ಳೂರು ಕ್ರಾಸಿನಂಥ ಹೆದ್ದಾರಿ ಅಂಚಿನ ಧೂಳು ಹೊಗೆ, ಎವೆಯಿಕ್ಕದೆ ಮೊಬೈಲ್ ನೋಡಿ ಒಣಗಿದ ಕಣ್ಣು, ಇವೆಲ್ಲವೂ ಕಾರಣಗಳೇ. ಹೊತ್ತು ಗಮನಿಸಿದರೆ ಅಂದಾಜು ಸಿಗುತ್ತದೆ. ಕಣದಿಂದ ಬಂದ ಮೇಲೆ ನವೆಯಾದರೆ ಧೂಳು ಹೊಟ್ಟಿನ ಕಡೆ ನೋಡಬೇಕು. ಹಾಸಿಗೆಯಿಂದ ಏಳುವಾಗ ಹೆಚ್ಚಿದ್ದರೆ ದಿಂಬಿನ ಕಡೆ.

ದಿಂಬು ಹಾಸಿಗೆಗೆ ಬೇಕಾದ ಮದ್ದು ಬಿಸಿಲು ಮತ್ತು ಬಿಸಿನೀರು. ಹೊದಿಕೆ, ದಿಂಬಿನ ಗವಸುಗಳನ್ನು ವಾರಕ್ಕೊಮ್ಮೆ 55 ಡಿಗ್ರಿಗಿಂತ ಬಿಸಿಯಾದ ನೀರಿನಲ್ಲಿ, ಅಂದರೆ ಕೈ ಅದ್ದಲಾಗದಷ್ಟು ಕಾದ ಹಂಡೆ ನೀರಿನಲ್ಲಿ ನೆನೆಸಿ ಒಗೆದರೆ ನುಸಿ ಸಾಯುತ್ತದೆ, ಹಿಕ್ಕೆಯೂ ಕೊಚ್ಚಿಹೋಗುತ್ತದೆ. ಬೂರುಗದ ಹತ್ತಿಯ ದಿಂಬು, ಕಂಬಳಿಗಳನ್ನು ಹಾಗೆ ಒಗೆಯಲಾಗದು. ಅವನ್ನು ಸುಡುಬಿಸಿಲಿನಲ್ಲಿ ಇಡೀ ದಿನ ಮಗುಚಿ ಹಾಕಿ, ಮನೆಯಿಂದ ದೂರ ಒಯ್ದು ಕೋಲಿನಿಂದ ಬಡಿಯಬೇಕು. ಬಿಸಿಲು ನುಸಿಯನ್ನು ಕೊಂದೀತು, ಹಿಕ್ಕೆಯನ್ನಲ್ಲ. ಬಡಿಯದೆ ಬಿಟ್ಟರೆ ಕೆಲಸ ಅರ್ಧವೇ ಆದಂತೆ. ಬಡಿಯುವವರು ಅಲರ್ಜಿ ಇರುವವರಾಗಿರಬಾರದು, ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡಿರಬೇಕು.

ಕಣ್ಣಿಗೆ ಬೇಕಾದ್ದು ತಂಪು. ಕುದಿಸಿ ಆರಿಸಿ ತಣ್ಣಗಿಟ್ಟ ನೀರಿನಲ್ಲಿ ಒಗೆದ ಬಟ್ಟೆ ಅದ್ದಿ, ಹಿಂಡಿ, ಮುಚ್ಚಿದ ರೆಪ್ಪೆಯ ಮೇಲೆ ಹತ್ತು ನಿಮಿಷ ಇಡಿ. ತಂಪಿಗೆ ರಕ್ತನಾಳ ಕುಗ್ಗುತ್ತದೆ, ನರದ ಉರಿ ಇಳಿಯುತ್ತದೆ. ಹಿಂದಿನವರು ಮುಚ್ಚಿದ ಕಣ್ಣಿನ ಮೇಲೆ ನಂದಿಬಟ್ಟಲು ಹೂವಿಡುತ್ತಿದ್ದಾಗ ಸಿಗುತ್ತಿದ್ದ ಹಿತವೂ ಈ ತಂಪಿನದೇ. ಆ ತಂಪನ್ನು ಉಳಿಸಿಕೊಳ್ಳೋಣ, ಆದರೆ ಹೂವಿನ ರಸವನ್ನು ಕಣ್ಣೊಳಗೆ ಹಿಂಡುವುದು ಬೇಡ. ಎದೆಹಾಲು, ಜೇನು, ಹರಳೆಣ್ಣೆಯೂ ಬೇಡ. ಇವುಗಳ ಜತೆ ಒಳಹೋಗುವ ಬ್ಯಾಕ್ಟೀರಿಯಾ, ಬೂಷ್ಟುಗಳು ಉಜ್ಜಿ ಗೀರಿದ ಕಣ್ಣಿನಲ್ಲಿ ಹುಣ್ಣು ಮಾಡಬಲ್ಲವು. ಪ್ರಕೃತಿ ಕೊಟ್ಟ ಕಣ್ಣೀರಿನಲ್ಲೇ ಬ್ಯಾಕ್ಟೀರಿಯಾ ಕೊಲ್ಲುವ ಲೈಸೋಜೈಮ್ ಇದೆ. ಆ ಕಣ್ಣೀರು ಸಾಲದಿದ್ದಾಗ ಕೃತಕ ಕಣ್ಣೀರಿನ ಹನಿ ಹಾಕಿದರೆ ಅಲರ್ಜಿಯ ಕಣಗಳು ತೊಳೆದುಹೋಗುತ್ತವೆ.

ಔಷಧದಂಗಡಿಯಿಂದ ತಾವಾಗಿಯೇ ಸ್ಟೀರಾಯ್ಡ್ ಹನಿ ತಂದು ತಿಂಗಳುಗಟ್ಟಲೆ ಹಾಕಿಕೊಳ್ಳುವವರನ್ನು ಕಂಡರೆ ಭಯವಾಗುತ್ತದೆ. ನವೆ ಬೇಗ ಇಳಿಯುತ್ತದೆ, ನಿಜ. ಆದರೆ ಒಳಗೊಳಗೇ ಕಣ್ಣಿನ ಒತ್ತಡ ಏರಿ ಗ್ಲುಕೋಮಾ, ಜತೆಗೆ ಕಣ್ಣಿನ ಪೊರೆ ಬರಬಹುದು. ನೋವು, ಕೀವು, ಬೆಳಕು ನೋಡಲಾಗದಿರುವುದು, ಮಂಜಾದ ದೃಷ್ಟಿ, ಒಂದೇ ಕಣ್ಣಿನಲ್ಲಿ ಕೆಂಪು, ಇವು ನುಸಿಯ ಲಕ್ಷಣಗಳಲ್ಲ. ಕಬ್ಬಿನ ಗರಿ ತಾಗಿದ ಮೇಲೆ ಹೀಗಾಗಿದ್ದರಂತೂ ಶಿಲೀಂಧ್ರದ ಸೋಂಕು ಇರಬಹುದು. ಅದರ ಮೇಲೆ ಸ್ಟೀರಾಯ್ಡ್ ಬಿದ್ದರೆ ಕಣ್ಣೇ ಹೋದೀತು. ಈ ಭಾಗದವರಿಗೆ ಬಿ.ಜಿ. ನಗರದ ಆದಿಚುಂಚನಗಿರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಹತ್ತಿರವೇ ಇದೆ. ಅಂಥ ಕಣ್ಣನ್ನು ಅದೇ ದಿನ ವೈದ್ಯರಿಗೆ ತೋರಿಸಿ. ಬರಿಯ ನವೆಯಾದರೆ ಕಣ್ಣುಜ್ಜುವ ಕೈಯನ್ನು ತಡೆದು, ಈ ಭಾನುವಾರವೇ ದಿಂಬುಗಳನ್ನು ಬಿಸಿಲಿಗೆ ಹಾಕಿ.